ಅದು, ಇದು, ಇತರ

(ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಕಲಿಕಾ ಕೇಂದ್ರದಲ್ಲಿ ನವಸಾಕ್ಷರರ ಮುಂದೆ ಆಡಿದ ಮಾತು)



ಇವತ್ತು ಬೆಳಿಗ್ಗೆ ಎದ್ದಾಗಿನಿಂದ ನೀವು ಎಷ್ಟು ಸಲ 'ಅದು' ಅಂದಿರಿ? ಲೆಕ್ಕ ಇಟ್ಟಿಲ್ಲ, ಹೌದಲ್ರಿ? ನಾನೂ ಇಟ್ಟಿಲ್ಲ. ಆದರೆ ಅಂದಿರುತ್ತೀರಿ. ಮನೆಯೊಳಗೆ ದಿನಾ ನಡೆಯುವ ಮಾತು ಕೇಳಿರಿ.

"ಏ ತಂಗಿ, ಅದನ್ನ ತಗೊಂಡು ಬಾ."

"ಯಾವುದ್ರೀ ಅತ್ತಿ?"

"ಅದಽ, ಅದರ ಹಿಂದಿಂದು. ಏನಂತಾರಲ್ಲಾ ಅದಕ್ಕ... ಮೊನ್ನೆ ಸಂತ್ಯಾಗ ತಂದೀವಲ್ಲ, ಅದು."

ಸೊಸೆ ಒಳಗೆ ಹೋಗುತ್ತಾಳೆ. ಹಿಟ್ಟಿನ ಡಬ್ಬಿಯ ಹಿಂದಿನಿಂದ ಜರಡಿ ತೆಗೆದುಕೊಂಡು ಬರುತ್ತಾಳೆ. ಅತ್ತೆಗೆ ಬೇಕಾದದ್ದೂ ಜರಡಿಯೇ. ಜರಡಿ ಅನ್ನುವ ಹೆಸರು ಒಮ್ಮೆಯೂ ಬರಲಿಲ್ಲ. ಕೆಲಸ ಮಾತ್ರ ಆಯಿತು. ಯಾಕೆ ಆಯಿತು? ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ಇರುವವರು. ಅತ್ತೆಯ ಕಣ್ಣು ಎಲ್ಲಿ ಹೋಯಿತು, ಕೈಯಲ್ಲಿ ಏನು ಹಿಟ್ಟು ಇದೆ, ಇದು ಸೊಸೆಗೆ ಗೊತ್ತು. ಹೆಸರಿನ ಕೆಲಸವನ್ನು ಕಣ್ಣು ಮಾಡಿತು.

ಹೆಸರು ಬಾಯಿಗೆ ಬರದಾಗ ಆಡುವ ಇಂಥ ಮಾತು ನಮ್ಮಲ್ಲಿ ಬಹಳ. ಅದು, ಇದು, ಎಂಥಾದೋ, ಏನೋ ಒಂದು. ಮನುಷ್ಯರ ಹೆಸರು ಮರೆತರೆ 'ಇಂಥವ', 'ಅಮುಕ'. ಉಳಿದದ್ದನ್ನೆಲ್ಲ ಸೇರಿಸಿ ಹೇಳಬೇಕಾದರೆ 'ಇತ್ಯಾದಿ', 'ವಗೈರೆ'. ಈ ವಗೈರೆ ನಮ್ಮದಲ್ಲ, ಮರಾಠಿಯದೂ ಅಲ್ಲ. ಅರಬ್ಬಿ ಮಾತು. 'ಅದರ ಹೊರತು ಉಳಿದದ್ದು' ಅಂತ ಅರ್ಥ. ಪಾರಸಿ ಕಾಗದಪತ್ರಗಳ ಸಂಗಡ ನಮ್ಮ ಕಡೆ ಬಂತು. 'ಫಲಾಣಾ ಮನುಷ್ಯ' ಅಂತ ಕೇಳಿದ್ದೀರಲ್ಲ, ಅದೂ ಅರಬ್ಬಿ. ಈ ಫಲಾಣಾ ಇನ್ನೊಂದು ದಿಕ್ಕಿಗೂ ಹೋಗಿದೆ. ದೂರದ ಸ್ಪೇನ್ ದೇಶದಲ್ಲಿ ಇಂದಿಗೂ ಹೆಸರು ಗೊತ್ತಿಲ್ಲದವನಿಗೆ 'ಫುಲಾನೊ' ಅನ್ನುತ್ತಾರೆ. ಜತ್ತಿನ ಸಂತೆಯ ಮಾತು, ಸ್ಪೇನಿನ ಸಂತೆಯ ಮಾತು, ಎರಡಕ್ಕೂ ಬೇರು ಒಂದೇ.

ಇನ್ನೊಂದು ಬಗೆ ಇದೆ. ಇದನ್ನು ಪಾಟಿಯ ಮೇಲೆ ಬರೆಯಿರಿ, ಕೈಗೂ ರೂಢಿ ಆಗುತ್ತದೆ. ಚಹಾ-ಗಿಹಾ. ರೊಟ್ಟಿ-ಗಿಟ್ಟಿ. ಹಾಲು-ಗೀಲು. ಕಾಗದ-ಗೀಗದ. ಪುಸ್ತಕ-ಗಿಸ್ತಕ. ಮೊದಲ ಅಕ್ಷರ ತೆಗೆದು 'ಗಿ' ಹಾಕಿದರೆ ಸಾಕು, ಆ ವಸ್ತು ಮತ್ತು ಅದರಂಥ ಎಲ್ಲವೂ ಬಂತು. ಮೊದಲ ಅಕ್ಷರ ಉದ್ದ ಇದ್ದರೆ 'ಗೀ'. ಇದನ್ನು ಯಾರೂ ನಮಗೆ ಸಾಲೆಯಲ್ಲಿ ಕಲಿಸಿಲ್ಲ. ಎರಡು ವರ್ಷದ ಕೂಸು ತಪ್ಪಿಲ್ಲದೆ ಹೇಳುತ್ತದೆ. ಆದರೆ ಗಿಡಕ್ಕೆ ಏನು ಅನ್ನುತ್ತೀರಿ? ಅದು ಮೊದಲೇ 'ಗಿ'ಯಿಂದ ಶುರು. ಗಿಡ-ಗಿಡ ಅಂದರೆ ನಗುತ್ತಾರೆ. ಅದಕ್ಕೇ ನಮ್ಮ ಹಿರಿಯರು ಗಿಡ-ಗಂಟಿ ಅಂದರು!

ನಮ್ಮ ಮರಾಠಿ ನೆರೆಯವರು 'ಗಿ' ಅನ್ನುವುದಿಲ್ಲ, 'ಬಿ' ಅನ್ನುತ್ತಾರೆ. ಚಹಾ-ಬಿಹಾ, ಜೇವಣ-ಬಿವಣ. ಜತ್ತ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ಕೇಳಿರಿ. ಗಿಹಾ ಅಂದವರು ಯಾರು, ಬಿಹಾ ಅಂದವರು ಯಾರು, ಮನೆಮಾತು ಯಾವುದು ಅಂತ ಅಷ್ಟರಲ್ಲೇ ತಿಳಿಯುತ್ತದೆ. ಎರಡೂ ಅನ್ನುವವರೂ ಸಿಗುತ್ತಾರೆ. ಅವರು ನಮ್ಮ ಮಕ್ಕಳು.

ಇಂಗ್ಲಿಷಿನವರ ಕಡೆ ಎಲ್ಲಕ್ಕೂ ಒಂದೊಂದು ಹೆಸರು ಇರುತ್ತದೆ, ನಮಗೆ ಮಾತ್ರ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಅದು ಸುಳ್ಳು. ಅವರಿಗೂ ಹೆಸರು ಮರೆಯುತ್ತದೆ. ಆಗ ಅವರು 'ಥಿಂಗಮಜಿಗ್' ಅನ್ನುತ್ತಾರೆ. ಅರ್ಥ ಏನು? ಏನೂ ಇಲ್ಲ, ನಮ್ಮ 'ಎಂಥಾದೋ' ಇದ್ದ ಹಾಗೆ. 'ವಾಚಮಕಾಲಿಟ್' ಅಂತಲೂ ಅನ್ನುತ್ತಾರೆ. ಅದು ನೇರವಾಗಿ ನಮ್ಮ 'ಏನಂತಾರಲ್ಲಾ ಅದಕ್ಕ'. ನಾವು ಮೊಬೈಲಿಗೆ, ಮಿಕ್ಸರಿಗೆ 'ಗ್ಯಾಜೆಟ್' ಅನ್ನುವುದನ್ನು ಟೀವಿಯಲ್ಲಿ ಕೇಳುತ್ತೇವೆ. ಅದು ಬಹಳ ಶಾಣ್ಯಾರ ಮಾತು ಅಂತ ತಿಳಿಯಬೇಡಿರಿ. ಅದು ಹಡಗಿನ ಖಲಾಸಿಗಳ ಮಾತು. ಹಡಗಿನಲ್ಲಿ ನೂರಾರು ಹಗ್ಗ, ಕೊಕ್ಕೆ, ರಾಟೆ. ಹೆಸರು ನೆನಪಾಗದಾಗ 'ಆ ಗ್ಯಾಜೆಟ್ ಕೊಡು' ಅನ್ನುತ್ತಿದ್ದರು. 1886ರಲ್ಲಿ ಅಚ್ಚಾದ ಒಂದು ಹಡಗಿನ ಪುಸ್ತಕದಲ್ಲಿ ಈ ಮಾತು ಇದೆ. 'ಗಿಜ್ಮೊ' ಅನ್ನುವುದು ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸಿಪಾಯಿಗಳ ಮಾತು. 'ವಿಜೆಟ್' 1924ರ ಒಂದು ಅಮೆರಿಕನ್ ನಾಟಕದಲ್ಲಿ ಬಂದು ಹೆಸರಾಯಿತು. ಕಾರಖಾನೆಯಲ್ಲಿ ಮಾಡುವ ಏನೋ ಒಂದು ಮಾಲು, ಇಷ್ಟೇ ಅದರ ಅರ್ಥ. ಈಗ ನಿಮ್ಮ ಮಗನ ಮೊಬೈಲಿನಲ್ಲಿಯೂ ವಿಜೆಟ್ ಕುಳಿತಿದೆ.

ಹಾಗಾದರೆ ಹೆಸರಿಲ್ಲದ ಮಾತು ಆಡುವುದು ತಪ್ಪೇ? ತಪ್ಪಲ್ಲ. ಮನೆಯಲ್ಲಿ, ಹೊಲದಲ್ಲಿ, ಎದುರಿಗೆ ವಸ್ತು ಇದ್ದಾಗ ನಡೆಯುತ್ತದೆ. ನಡೆಯದ ಜಾಗ ಬೇರೆ ಇವೆ. ಆ ಜಾಗಗಳನ್ನು ಹೇಳಲಿಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ನಮ್ಮ ಓಣಿಯ ಕಾಕಾ ಒಬ್ಬರು ಬೋರಿನ ಮೋಟಾರು ಕೆಟ್ಟಿತು ಅಂತ ಜತ್ತಿಗೆ ಹೋದರು. ಅಂಗಡಿಯಲ್ಲಿ "ಸ್ಟಾರ್ಟರ್ ಡಬ್ಬ್ಯಾಗಿನ ಅದು ಕೊಡ್ರಿ, ಗುಂಡಗ ಇರತೈತಿ" ಅಂದರು. ಅಂಗಡಿಯವನು ಗುಂಡಗಿನ ಒಂದು ಕಂಡೆನ್ಸರ್ ಕೊಟ್ಟ. ಮನೆಗೆ ತಂದು ಹಾಕಿದರೆ ಮೋಟಾರು ಏಳಲಿಲ್ಲ. ನಂಬರು ಬೇರೆ. ಮರುದಿನ ಮತ್ತೆ ಬಸ್ಸು, ಮತ್ತೆ ಖರ್ಚು, ದಾಳಿಂಬಿ ಗಿಡಕ್ಕೆ ಒಂದು ದಿನ ನೀರಿಲ್ಲ. ಹಳೆಯ ಕಂಡೆನ್ಸರಿನ ಮೈಮೇಲೆ ಅಂಕಿ ಬರೆದೇ ಇತ್ತು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರೆ ಆಗುತ್ತಿತ್ತು. ಈಗ ಕಾಕಾ ನಮ್ಮ ಕೇಂದ್ರದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ನಗುತ್ತಿದ್ದಾರೆ, ನಗಲಿ.

ದವಾಖಾನೆಯ ಮಾತು ನಗುವಂಥದ್ದಲ್ಲ. ಒಬ್ಬ ತಾಯಿಗೆ ಎದೆಯಲ್ಲಿ ಗಂಟು ಆಗಿತ್ತು. ಡಾಕ್ಟರ ಮುಂದೆ ಆಕೆ "ಇಲ್ಲೆ ಏನೋ ಅದ" ಅಂದಳು. ಸೆರಗು ಸರಿಸಲಿಲ್ಲ. ಕೈಯನ್ನು ಹೆಗಲಿನ ಕಡೆ ತೋರಿಸಿದಳು. ಮೊಲೆ ಅನ್ನುವ ಮಾತು ನಾಲಗೆಗೆ ಬರಲಿಲ್ಲ. ಡಾಕ್ಟರು ಹೆಗಲು ನೋವು ಅಂತ ತಿಳಿದು ಗುಳಿಗೆ ಕೊಟ್ಟರು. ಎರಡು ತಿಂಗಳು ಹೀಗೇ ಹೋಯಿತು. ಆಮೇಲೆ ಊರಿನ ಆಶಾ ತಾಯಿ ಮನೆಗೆ ಬಂದು ಕೇಳಿದಾಗ ವಿಷಯ ಹೊರಗೆ ಬಂತು. ಮೊಲೆಯಲ್ಲಿ ಗಂಟು ಕಂಡರೆ ಎರಡು ತಿಂಗಳು ಕಾಯಬಾರದು. ತಾಯಂದಿರೇ, ಮೈಯ ಭಾಗಗಳಿಗೆ ದೇವರು ನಾಚಿಕೆ ಇಟ್ಟಿಲ್ಲ. ಮೊಲೆ, ಗರ್ಭಕೋಶ, ಮುಟ್ಟು, ಬಿಳಿ ಸೆರಗು, ಈ ಮಾತುಗಳನ್ನು ಡಾಕ್ಟರ ಮುಂದೆ ಹೆಸರು ಹಿಡಿದೇ ಹೇಳಬೇಕು. ಗಂಡಸು ಡಾಕ್ಟರ ಮುಂದೆ ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿರಿ. ಈಗ ಬರೆಯಲು ಬರುತ್ತದಲ್ಲ! ಹಾಗೆಯೇ 'ಬಿ.ಪಿ.ದು ಬಿಳಿ ಗುಳಿಗಿ' ಅಂತ ಔಷಧ ಅಂಗಡಿಯಲ್ಲಿ ಕೇಳಬೇಡಿರಿ. ಅಂಗಡಿಯ ಅರ್ಧ ಗುಳಿಗೆ ಬಿಳಿಯವೇ. ಖಾಲಿ ಪಾಕೀಟು ಸಂಗಡ ಒಯ್ಯಿರಿ.

ಇನ್ನು ಲೆಕ್ಕದ ಮಾತು. ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿ ಸಕ್ಕರೆ, ಎಣ್ಣೆ, ಸಾಬಾಣ ಅಂತ ಬರೆದು ಕಡೆಗೆ 'ಕಿರಕೋಳ' ಅಂತ ಒಂದು ಸಾಲು ಇರುತ್ತದೆ. ಕಿರಕೋಳ 140 ರೂಪಾಯಿ. ಏನು ಅದು? ಕಡ್ಡಿಪೆಟ್ಟಿಗೆಯೋ, ಊದಿನಕಡ್ಡಿಯೋ, ಅಥವಾ ಏನೂ ಅಲ್ಲವೋ? ಮರಾಠಿಯಲ್ಲಿ ಕಿರಕೋಳ ಅಂದರೆ ಸಣ್ಣಪುಟ್ಟದ್ದು. ನಮ್ಮ ಕನ್ನಡದ ಕಿರುಕುಳ ಅನ್ನುವ ಮಾತೂ ಇದೇ ಮನೆತನದ್ದು. ಕಿರು ಅಂದರೆ ಸಣ್ಣದು. ಕನ್ನಡದಲ್ಲಿ ಈಗ ಕಿರುಕುಳ ಅಂದರೆ ಕಾಟ, ತ್ರಾಸು. ವಹಿಯಲ್ಲಿ ಕಿರಕೋಳ ಬೆಳೆಯುತ್ತಾ ಹೋದರೆ ಮನೆಯಲ್ಲಿ ಕಿರುಕುಳ ಆಗುವುದು ನೀವು ಕಂಡದ್ದೇ.

ಕಬ್ಬು ಕಡಿಯಲು ಹೋಗುವವರು ಇಲ್ಲಿ ಬಹಳ ಜನ ಇದ್ದೀರಿ. ಮುಕಾದಮನಿಂದ ಉಚಲ ತೆಗೆದುಕೊಂಡು ಹೋಗುತ್ತೀರಿ. ಹಂಗಾಮು ಮುಗಿದು ಬಂದಾಗ ಲೆಕ್ಕದಲ್ಲಿ 'ಇತರ ಖರ್ಚು' ಅಂತ ಒಂದು ಮೊತ್ತ ಕಂಡರೆ ಸುಮ್ಮನೆ ತಲೆ ಆಡಿಸಬೇಡಿರಿ. ಇತರ ಅಂದರೆ ಏನೇನು, ಯಾವ ದಿನ, ಎಷ್ಟು ಅಂತ ಕೇಳಿರಿ. ಜಗಳ ಆಡಬೇಕಿಲ್ಲ. "ಬಿಡಿಸಿ ಬರೀರಿ ಅಣ್ಣಾ" ಅಂದರೆ ಸಾಕು. ಬಿಡಿಸಿ ಬರೆಯಲು ಕೂತಾಗ ಎಷ್ಟೋ ಇತರ ಕಡಿಮೆ ಆಗುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ 'ಇತರ'ದ ಕಡೆ ಬರೋಣ. ಅದು ನಿಮ್ಮ ಟ್ರಂಕಿನಲ್ಲಿಯೇ ಇದೆ.

ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅರವತ್ತು ದಾಟಿದೆ. ಹೆಸರು ಹೇಳುವುದಿಲ್ಲ. ಮೊದಲ ದಿನ ಬಳಪ ಹಿಡಿಯಲು ಕೈ ನಡುಗುತ್ತಿತ್ತು. ಆರು ತಿಂಗಳಿಗೆ ತಮ್ಮ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಬರೆದರು. ಒಂದು ದಿನ ತವರುಮನೆಯ ಸಾತಬಾರಾ ಉತಾರ ತೆಗೆದುಕೊಂಡು ಬಂದರು. ತಮ್ಮನ ಮಗ ಸೊಸಾಯಟಿ ಸಾಲಕ್ಕೆ ಅಂತ ತೆಗೆಸಿದ್ದ ಪ್ರತಿ. "ಇದರಾಗ ನನ್ನ ಹೆಸರು ಅದ ಅಂತಾರ, ನೋಡೋಣ್ರಿ ಅಕ್ಕೋರ" ಅಂದರು.

ಉತಾರ ಇರುವುದು ಬಾಳಬೋಧ ಅಕ್ಷರದಲ್ಲಿ, ಮರಾಠಿಯಲ್ಲಿ. ನಮ್ಮ ಪಾಡು ನಿಮಗೆ ಗೊತ್ತು. ಜತ್ತ ಒಂದು ಕಾಲಕ್ಕೆ ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1960ರಿಂದ ಮಹಾರಾಷ್ಟ್ರ. ಉಮದಿ, ಸಂಖ, ಮಾಡಗ್ಯಾಳ ಕಡೆ ಮನೆಯಲ್ಲಿ ಕನ್ನಡ, ಗುಡ್ಡಾಪುರ ದಾನಮ್ಮನ ಮುಂದೆ ಬೇಡಿಕೊಳ್ಳುವುದೂ ಕನ್ನಡ, ಕಚೇರಿಯಲ್ಲಿ ಮರಾಠಿ. ನೀವು ಕಷ್ಟಪಟ್ಟು ಕನ್ನಡ ಅಕ್ಷರ ಕಲಿತಿರಿ, ಆದರೆ ಭೂಮಿಯ ಕಾಗದ ಬೇರೆ ಅಕ್ಷರದಲ್ಲಿ ಇದೆ. ಇದು ನಿಜವಾದ ತೊಡಕು. ಇದಕ್ಕೆ ನನ್ನ ಹತ್ತಿರ ಸುಲಭದ ಮದ್ದು ಇಲ್ಲ. ಮನೆಯ ಸಾಲೆ ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿರಿ, ಕನ್ನಡ ಸಾಲೆಯ ಮಕ್ಕಳಿಗೂ ಬಾಳಬೋಧ ಓದಲು ಬರುತ್ತದೆ.

ಆ ಅಕ್ಕನ ಮೊಮ್ಮಗಳು ಓದಿದಳು. ಎಡಗಡೆ ಭೂಮಿಯ ಖಾತೆದಾರರ ಹೆಸರು. ಅಲ್ಲಿ ಇಬ್ಬರು ತಮ್ಮಂದಿರು. ಅಕ್ಕನ ಹೆಸರು ಇಲ್ಲ. ಬಲಗಡೆ 'ಇತರ ಅಧಿಕಾರ' ಅಂತ ಇನ್ನೊಂದು ಕಾಲಂ. ಅಲ್ಲಿ ಮೊದಲು ಸೊಸಾಯಟಿಯ ಬೋಜಾ. ಆಮೇಲೆ ಬಾವಿಯ ಪಾಲಿನ ಮಾತು. ಅದರ ಕೆಳಗೆ ಅಕ್ಕನ ಹೆಸರು, ತೀರಿಹೋದ ತಂಗಿಯ ಹೆಸರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು:

"ಸಾಲ ಇತರ, ಬಾವಿ ಇತರ. ನಾನೂ ಇತರ ಏನ್ರಿ?"

ನನಗೆ ಕೂಡಲೇ ಉತ್ತರ ಬರಲಿಲ್ಲ.

ಸಾತಬಾರಾ ಅಂದರೆ ಎರಡು ನಮೂನೆ ಸೇರಿದ್ದು. ಏಳನೆಯ ನಮೂನೆಯಲ್ಲಿ ಭೂಮಿ ಯಾರದು, ಅದರ ಮೇಲೆ ಯಾರ ಹಕ್ಕು ಇದೆ. ಹನ್ನೆರಡನೆಯ ನಮೂನೆಯಲ್ಲಿ ಬೆಳೆ ಯಾವುದು. ಏಳನೆಯದರಲ್ಲಿ 'ಇತರ ಅಧಿಕಾರ' ಅನ್ನುವ ಜಾಗ ಇದೆ. ಖಾತೆದಾರ ಅಲ್ಲದ, ಆದರೆ ಆ ಭೂಮಿಯ ಮೇಲೆ ಏನೋ ಸಂಬಂಧ ಇರುವ ಎಲ್ಲವೂ ಅಲ್ಲಿ ಹೋಗಿ ಬೀಳುತ್ತದೆ. ಬ್ಯಾಂಕಿನ ಸಾಲ, ಸೊಸಾಯಟಿಯ ಸಾಲ, ಕುಳ, ಕೋರ್ಟಿನ ಹುಕುಂ, ದಾರಿ, ನೀರು. ಮೊದಲಿನ ಕಾಲದಲ್ಲಿ ಅಪ್ಪ ತೀರಿದಾಗ ಗಂಡುಮಕ್ಕಳ ಹೆಸರನ್ನು ಖಾತೆಗೆ ಹಚ್ಚಿ, ಹೆಣ್ಣುಮಕ್ಕಳ ಹೆಸರನ್ನೂ ವಿಧವೆ ತಾಯಿಯ ಹೆಸರನ್ನೂ ಇತರದಲ್ಲಿ ಬರೆಸುವ ರೂಢಿ ಬಹಳ ಊರುಗಳಲ್ಲಿ ಇತ್ತು. ಎಷ್ಟೋ ಉತಾರಗಳಲ್ಲಿ ಆ ಹೆಸರುಗಳು ಈಗಲೂ ಹಾಗೇ ಇವೆ.

ಇದು ರೂಢಿ. ಕಾನೂನು ಬೇರೆ ಹೇಳುತ್ತದೆ. 1956ರ ಹಿಂದೂ ವಾರಸಾ ಕಾನೂನು ಅಪ್ಪನ ಸ್ವಂತ ಗಳಿಕೆಯಲ್ಲಿ ಮಗ, ಮಗಳು, ಹೆಂಡತಿ, ತಾಯಿ, ಎಲ್ಲರಿಗೂ ಸಮಪಾಲು ಅಂದಿತು. ಹಿರಿಯರ ಕಾಲದಿಂದ ಬಂದ ಆಸ್ತಿಯಲ್ಲಿ ಮಾತ್ರ ಮಗಳಿಗೆ ಮಗನಷ್ಟು ಸಿಗುತ್ತಿರಲಿಲ್ಲ. ಮಹಾರಾಷ್ಟ್ರ ಸರಕಾರ 1994ರಲ್ಲಿ ಅದನ್ನು ತಿದ್ದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟಿತು. 2005ರಲ್ಲಿ ಇಡೀ ದೇಶದ ಕಾನೂನು ತಿದ್ದುಪಡಿ ಆಗಿ ಮದುವೆಯಾಗಿರಲಿ, ಬಿಡಲಿ, ಮಗಳು ಮಗನಷ್ಟೇ ಹಕ್ಕುದಾರಳು ಅಂತಾಯಿತು. ಆ ವರ್ಷದ ಸಪ್ಟೆಂಬರ 9ರಂದು ಅಪ್ಪ ಬದುಕಿರಲೇಬೇಕೇನು ಅಂತ ಬಹಳ ಜಗಳ ನಡೆದವು. ಬದುಕಿರಲೇಬೇಕು ಅಂತೇನೂ ಇಲ್ಲ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಆದರೆ 2004ರ ಡಿಸೆಂಬರ 20ಕ್ಕಿಂತ ಮೊದಲು ನೋಂದಣಿ ಮಾಡಿ ಆದ ವಾಟಣಿಯನ್ನು ಈ ಕಾನೂನು ಮುಟ್ಟುವುದಿಲ್ಲ. ಮುಸಲ್ಮಾನ ಮನೆತನಗಳಿಗೆ ಬೇರೆ ಕಾನೂನು ಇದೆ, ಅಲ್ಲಿಯೂ ಮಗಳಿಗೆ ಪಾಲು ಇದೆ.

ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿರಿ. ಹೆಸರು ಇತರದಲ್ಲಿ ಇದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಉತಾರ ಕಂದಾಯ ವಸೂಲಿಗೆ ಇಟ್ಟ ಕಾಗದ. ಹಕ್ಕು ಹುಟ್ಟಿಸುವುದೂ ಅದಲ್ಲ, ಕೊಲ್ಲುವುದೂ ಅದಲ್ಲ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಹಾಗಂತ ಬಿಟ್ಟು ಕೂಡಬಾರದು. ಭೂಮಿ ಮಾರುವಾಗ, ಸಾಲ ಎತ್ತುವಾಗ, ಪರಿಹಾರ ಬಂದಾಗ ಎಲ್ಲರೂ ನೋಡುವುದು ಎಡಗಡೆಯ ಹೆಸರನ್ನೇ.

ಹೆಸರು ಹಚ್ಚಲು ತಲಾಠಿ ಕಚೇರಿಗೆ ಅರ್ಜಿ ಕೊಡಬೇಕು. ಈಗ ಅವರ ಹುದ್ದೆಯ ಹೆಸರು ಗ್ರಾಮ ಮಹಸೂಲ ಅಧಿಕಾರಿ ಅಂತ ಆಗಿದೆ, ಊರಲ್ಲಿ ಮಾತ್ರ ತಲಾಠಿಯೇ. ಅಪ್ಪನ ಮರಣದ ದಾಖಲೆ, ವಾರಸದಾರರ ಹೆಸರು ಬೇಕು. ಅವರು ಫೇರಫಾರ ವಹಿಯಲ್ಲಿ ನೋಂದು ಹಾಕುತ್ತಾರೆ. ಸಂಬಂಧಪಟ್ಟವರಿಗೆ ನೋಟೀಸು ಹೋಗುತ್ತದೆ. ತಕರಾರು ಇದ್ದರೆ ಹೇಳಲು 15 ದಿನ. ಆಮೇಲೆ ಮಂಡಳ ಅಧಿಕಾರಿ ನೋಡಿ ನಿರ್ಣಯ ಕೊಡುತ್ತಾರೆ. ಅದು ಸರಿ ಕಾಣದಿದ್ದರೆ ಪ್ರಾಂತ ಅಧಿಕಾರಿಯ ಹತ್ತಿರ ಅಪೀಲು ಇದೆ. ಈ 15 ದಿನದ ನೋಟೀಸು ಬಹಳ ಮಹತ್ವದ್ದು. ನಿಮ್ಮ ಹೆಸರು ಕಡಿಮೆ ಮಾಡುವ ನೋಂದಿಗೂ ಇದೇ ನೋಟೀಸು ಬರುತ್ತದೆ. 'ಏನೋ ಸರಕಾರಿ ಕಾಗದ' ಅಂತ ಗೋಡೆಯ ಗೂಡಿನಲ್ಲಿ ಸಿಕ್ಕಿಸಬೇಡಿರಿ. ವಕೀಲರಿಗೆ ಕೊಡಲು ರೊಕ್ಕ ಇಲ್ಲ ಅನ್ನುವ ಹೆಣ್ಣುಮಕ್ಕಳಿಗೆ 1987ರ ಕಾನೂನಿನಂತೆ ಪುಕ್ಕಟೆ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ. ತಾಲೂಕಿನ ಕೋರ್ಟಿನಲ್ಲಿ ವಿಧಿ ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿರಿ.

ಬೋಜಾದ ಮಾತೂ ಇಷ್ಟೇ ಮುಖ್ಯ. ಸಾಲ ತೀರಿಸಿದಿರಿ, ಪಾವತಿ ಬಂತು, ಖುಷಿಯಾಗಿ ಮನೆಗೆ ಬಂದಿರಿ. ಇತರದಲ್ಲಿ ಬೋಜಾ ಮಾತ್ರ ಹಾಗೇ ಉಳಿಯಿತು. ಬ್ಯಾಂಕಿನಿಂದ ಬೇಬಾಕಿ ದಾಖಲೆ ತೆಗೆದುಕೊಂಡು ತಲಾಠಿಗೆ ಕೊಟ್ಟು, ಬೋಜಾ ಕಮಿ ಆದ ಹೊಸ ಉತಾರ ಕಣ್ಣಿನಿಂದ ನೋಡುವ ತನಕ ಆ ಕೆಲಸ ಮುಗಿದಿಲ್ಲ ಅಂತಲೇ ತಿಳಿಯಿರಿ.

ಆ ಅಕ್ಕ ಏನು ಮಾಡಿದರು ಅಂತ ಕೇಳುತ್ತೀರಿ. ಮೊದಲು ತಮ್ಮಂದಿರ ಮನೆಗೆ ಹೋದರು. ದೊಡ್ಡ ತಮ್ಮ "ಅಕ್ಕಾ, ನಿನಗ ಏನು ಕಡಿಮಿ ಮಾಡೀವಿ? ಪಂಚಮಿಗೆ ಕರಿತೀವಿ, ಸೀರಿ ಉಡಸ್ತೀವಿ" ಅಂದ. ಅದು ಸುಳ್ಳಲ್ಲ. ಸಣ್ಣ ತಮ್ಮ ಹಕ್ಕಸೋಡ ಪತ್ರಕ್ಕೆ ಸಹಿ ಮಾಡು ಅಂದ. ಹಕ್ಕಸೋಡ ಅಂದರೆ ನನ್ನ ಪಾಲು ನನಗೆ ಬೇಡ ಅಂತ ಬರೆದುಕೊಡುವುದು. ಅದು ನೋಂದಣಿ ಆಗಬೇಕು, ಆದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಬಹಳ ಕಷ್ಟ. ಪ್ರೀತಿಯಿಂದ ಬಿಟ್ಟುಕೊಟ್ಟ ಅಕ್ಕಂದಿರನ್ನು ನಾನು ಬಲ್ಲೆ, ಅವರನ್ನು ಬೈಯುವುದಿಲ್ಲ. ಆದರೆ ಹೆಬ್ಬೆಟ್ಟು ಒತ್ತಿದ ಮೇಲೆ 'ಅದು ಏನು ಕಾಗದ ಇತ್ತೋ' ಅಂದವರನ್ನೂ ಬಲ್ಲೆ. ನಮ್ಮ ಅಕ್ಕ ಅಂದರು: "ಕೊಡೂದು ಬಿಡೂದು ಆಮ್ಯಾಲಿನ ಮಾತು. ಮೊದಲ ನನ್ನ ಹೆಸರು ನಿಮ್ಮ ಸಾಲಿನ್ಯಾಗ ಬರಲಿ. ಅಲ್ಲಿಂದ ನಾನಽ ಕೊಡತೀನಿ, ಕೊಡೂದಿದ್ರ."

ಅರ್ಜಿ ಹೋಗಿದೆ. ಕೆಳಗೆ ಸಹಿ ಅವರದೇ, ಕನ್ನಡದಲ್ಲಿ. ತಮ್ಮ ಒಬ್ಬ ಮಾತು ಬಿಟ್ಟಿದ್ದಾನೆ. ಇನ್ನೊಬ್ಬ ಮೊನ್ನೆ ಅಮವಾಸ್ಯೆಗೆ ಬಂದು ಚಹಾ-ಗಿಹಾ ಕುಡಿದು ಹೋದ. 15 ದಿನ ಇನ್ನೂ ಮುಗಿದಿಲ್ಲ.

ಮುಂದಿನ ಮಂಗಳವಾರ ಎಲ್ಲರೂ ನಿಮ್ಮ ಮನೆಯ ಉತಾರ ತನ್ನಿರಿ. ಅತ್ತೆಮನೆಯದು ಇದ್ದರೆ ಅದು, ತವರುಮನೆಯದು ಸಿಕ್ಕರೆ ಅದೂ. ಭೂಮಿ ಇಲ್ಲದವರು ಲೈಟ್ ಬಿಲ್ಲೋ, ಅಂಗಡಿಯ ವಹಿಯೋ ತನ್ನಿರಿ. ಬಾಳಬೋಧದ ಮೂರು ಅಕ್ಷರ ಕಲಿಯೋಣ: ಇ, ತ, ರ. ಮೂರಕ್ಕೂ ಮೇಲೆ ಒಂದು ಗೆರೆ ಇರುತ್ತದೆ, ಕಡೆಯ 'ರ' ಇಂಗ್ಲಿಷ್ ಅಂಕಿ ಎರಡರ ಹಾಗೆ ಕಾಣುತ್ತದೆ. ಅದು ಎಲ್ಲಿ ಸಿಗುತ್ತದೋ ಅಲ್ಲಿ ಬೆರಳು ಇಟ್ಟು, ಅದರ ಕೆಳಗೆ ಏನು ಬರೆದಿದ್ದಾರೆ ಅಂತ ಒಂದೊಂದಾಗಿ ಓದೋಣ. ಸಾಲೆಯ ಮಕ್ಕಳು ಇಬ್ಬರನ್ನು ಕರೆಯಲು ಹೇಳಿದ್ದೇನೆ. ಕಾಕಾ, ನೀವು ಆ ಹಳೆಯ ಕಂಡೆನ್ಸರನ್ನೂ ತನ್ನಿರಿ.